ಬಾನೆಟ್ಟಿನ ಕೆಳಗಿನ ರಕ್ತನಾಳಗಳು

ಶಿವಮೊಗ್ಗದಿಂದ ಸಾಗರದ ಕಡೆಗೆ ಹೊರಟರೆ ಹತ್ತು ಕಿಲೊಮೀಟರಿನ ಆಸುಪಾಸಿನಲ್ಲಿ ತ್ಯಾವರೆಕೊಪ್ಪ. 1988ರಲ್ಲಿ ಅಲ್ಲಿ ಹುಲಿ-ಸಿಂಹಗಳ ಸಫಾರಿ ಆರಂಭವಾದ ಮೇಲೆ ಊರಿನ ಹೆಸರು ನಾಡಿನ ಮಕ್ಕಳಿಗೆಲ್ಲ ಬಾಯಿಪಾಠ. ಬೇಲಿಯೊಳಗೆ ವಾಹನ ಹೋದ ಮೇಲೆ ಅಲ್ಲಿ ಯಾರೂ ಕೆಳಗಿಳಿಯುವಂತಿಲ್ಲ. ಕಿಟಕಿಗೆ ಮುಖ ಒತ್ತಿ ಕೂತ ಮಕ್ಕಳಲ್ಲಿ ಒಬ್ಬರಾದರೂ ಕೇಳುವ ಪ್ರಶ್ನೆ ಒಂದಿದೆ: 'ಗಾಡಿ ಇಲ್ಲೇ ಕೆಟ್ಟು ನಿಂತರೆ ಏನು ಮಾಡೋದು?' ಸಫಾರಿಯಲ್ಲಾದರೆ ಇನ್ನೊಂದು ವಾಹನ ಬಂದೀತು. ಆದರೆ ಅದೇ ಮಕ್ಕಳನ್ನು ಕೂರಿಸಿಕೊಂಡು ನಮ್ಮದೇ ಕಾರಿನಲ್ಲಿ ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಹತ್ತುವಾಗ ಬಾನೆಟ್ಟಿನ ಸಂದಿಯಿಂದ ಬಿಳಿ ಹಬೆ ಎದ್ದರೆ? ಅಲ್ಲಿ ಹುಲಿ ಇರಲಿಕ್ಕಿಲ್ಲ; ಗ್ಯಾರೇಜೂ ಇರುವುದಿಲ್ಲ.

ಹೀಗೆ ನಡುದಾರಿಯಲ್ಲಿ ಹಬೆ ಬಿಟ್ಟು ನಿಲ್ಲುವ ಕಾರುಗಳಲ್ಲಿ ಅನೇಕದರ ಕಾಯಿಲೆ ಒಂದು ರಬ್ಬರ್ ಕೊಳವೆ. ಎಂಜಿನ್ನಿಗೂ ರೇಡಿಯೇಟರಿಗೂ ನಡುವೆ ಇರುವ, ಹೆಬ್ಬೆರಳಿಗಿಂತ ಕೊಂಚ ದಪ್ಪನಾದ, ಕಪ್ಪು ಬಣ್ಣದ ಹೋಸ್ ಪೈಪು. ಕೆಲವು ನೂರು ರೂಪಾಯಿಯ ಈ ವಸ್ತುವನ್ನು ಸಕಾಲದಲ್ಲಿ ಬದಲಾಯಿಸದೆ ಹೋದರೆ ಎಂಜಿನ್ನಿನ ಹೆಡ್ಡೇ ಡೊಂಕಾಗಿ ಹತ್ತಾರು ಸಾವಿರ ರೂಪಾಯಿಗೆ ಸಂಚಕಾರ. ಸಂತೋಷದ ಸಂಗತಿ ಏನೆಂದರೆ, ಈ ಕೊಳವೆಯನ್ನು ಮನೆಯ ಅಂಗಳದಲ್ಲೇ, ಸಾಮಾನ್ಯ ಸಲಕರಣೆಗಳಿಂದಲೇ ಬದಲಾಯಿಸಬಹುದು. ಅದರ ಪಕ್ಕದಲ್ಲೇ ಇರುವ ಬೇರೆ ಕೊಳವೆಗಳನ್ನು ಮಾತ್ರ ಮನೆಯಲ್ಲಿ ಮುಟ್ಟಬಾರದು. ಯಾವುದನ್ನು ಮುಟ್ಟಬೇಕು, ಯಾವುದನ್ನು ಮುಟ್ಟಬಾರದು, ಏಕೆ? ಇವತ್ತಿನ ಪಾಠ ಇಷ್ಟೇ.

ಕೊಳವೆ ಏಕೆ ಬೇಕು?

ಎಂಜಿನ್ನಿನಲ್ಲಿ ಉರಿಯುವ ಪೆಟ್ರೋಲಿನ ಶಕ್ತಿಯೆಲ್ಲ ಚಕ್ರಕ್ಕೆ ಹೋಗುವುದಿಲ್ಲ. ಸ್ಥೂಲವಾಗಿ ಮೂರನೇ ಒಂದು ಪಾಲು ಹೊಗೆಯ ಜತೆ ಹೊರಬೀಳುತ್ತದೆ. ಇನ್ನೊಂದು ಪಾಲು ಶಾಖವಾಗಿ ಲೋಹದಲ್ಲೇ ಉಳಿಯುತ್ತದೆ. ಆ ಶಾಖವನ್ನು ಹೊತ್ತುಕೊಂಡು ಹೋಗಿ ರೇಡಿಯೇಟರಿನಲ್ಲಿ ಗಾಳಿಗೆ ಬಿಟ್ಟುಬರುವ ಕೂಲಿಯಾಳು ಎಂದರೆ ಕೂಲೆಂಟ್. ಭದ್ರಾವತಿಯ ಕಾರ್ಖಾನೆಯಲ್ಲಿ ದುಡಿದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಕೇಳಿ ನೋಡಿ. 1923ರಲ್ಲಿ ಕಬ್ಬಿಣ ಹರಿಸತೊಡಗಿದ ಆ ಕಾರ್ಖಾನೆಯಿರಲಿ, ಜಗತ್ತಿನ ಯಾವುದೇ ಊದುಕುಲುಮೆಯಿರಲಿ, ಒಳಗೆ ಕಬ್ಬಿಣ ಕರಗುತ್ತಿರುವಾಗ ಗಾಳಿ ಊದುವ ಮೂತಿಗಳು ಕರಗದೆ ಉಳಿಯುವುದು ಅವುಗಳ ಒಡಲಲ್ಲಿ ತಣ್ಣೀರು ಸದಾ ಹರಿಯುತ್ತಿರುವುದರಿಂದ. ನೀರು ನಿಂತರೆ ಮೂತಿಗೇ ಉಳಿಗಾಲವಿಲ್ಲ. ಕಾರಿನ ಎಂಜಿನ್ನು ಅಂಥದೇ ಒಂದು ಪುಟ್ಟ ಕುಲುಮೆ.

ಸರಿ, ನೀರು ಹರಿಸಲು ಕಬ್ಬಿಣದ ಪೈಪನ್ನೇ ಹಾಕಬಹುದಿತ್ತಲ್ಲ, ರಬ್ಬರ್ ಏಕೆ? ಬಾನೆಟ್ ಎತ್ತಿ, ಎಂಜಿನ್ ಚಾಲೂ ಇರುವಾಗ ದೂರದಿಂದ ಗಮನಿಸಿ. ಎಂಜಿನ್ನು ಅಲುಗಾಡುತ್ತಿರುತ್ತದೆ, ರೇಡಿಯೇಟರು ಕಾರಿನ ಮೈಗೆ ಭದ್ರವಾಗಿ ಅಂಟಿಕೊಂಡು ನಿಂತಿರುತ್ತದೆ. ಅಲುಗುವವನಿಗೂ ಅಲುಗದವನಿಗೂ ನಡುವೆ ಗಟ್ಟಿ ಪೈಪು ಕಟ್ಟಿದರೆ ಕೆಲವೇ ದಿನಗಳಲ್ಲಿ ಬಿರುಕು ಬಿಟ್ಟೀತು. ಆದ್ದರಿಂದ ಬಾಗುವ ಸೇತುವೆ ಬೇಕು. ಅದೇ ಹೋಸ್.

ಅಡುಗೆಮನೆಯ ಭೌತಶಾಸ್ತ್ರ

ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿರುವ ಶಿವಮೊಗ್ಗದಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿ ಸೆಲ್ಸಿಯಸ್ಸಿಗೇ ಕುದಿಯುತ್ತದೆ. ಆದರೆ ಕಾರಿನ ಎಂಜಿನ್ನು ಚೆನ್ನಾಗಿ ಕೆಲಸ ಮಾಡುವುದು 90 ಡಿಗ್ರಿಯ ಆಸುಪಾಸಿನಲ್ಲಿ. ಘಾಟಿ ಹತ್ತುವಾಗ ಇನ್ನೂ ಹತ್ತಿಪ್ಪತ್ತು ಡಿಗ್ರಿ ಏರಬಹುದು. ಆಗ ಕುದಿಯದಂತೆ ತಡೆಯುವುದು ಹೇಗೆ? ಅಮ್ಮಂದಿರಿಗೆ ಉತ್ತರ ಗೊತ್ತಿದೆ. ಮುಚ್ಚಳ ಬಿಗಿದು ಒತ್ತಡ ಏರಿಸಬೇಕು. ರೇಡಿಯೇಟರಿನ ಮುಚ್ಚಳದ ಮೇಲೆ 0.9 ಅಥವಾ 1.1 ಎಂದು ಬರೆದಿರುತ್ತದೆ. ಅದು ಒಳಗೆ ಎಷ್ಟು ಒತ್ತಡ ಹಿಡಿದಿಡಬೇಕು ಎಂಬ ಲೆಕ್ಕ. ಹೆಚ್ಚುಕಡಿಮೆ ನಮ್ಮ ಪ್ರೆಶರ್ ಕುಕ್ಕರಿನಷ್ಟೇ. ಈ ಒತ್ತಡದಲ್ಲಿ ಬರಿ ನೀರೇ 120 ಡಿಗ್ರಿಯ ತನಕ ಕುದಿಯುವುದಿಲ್ಲ. ಅದಕ್ಕೆ ಅರ್ಧಕ್ಕರ್ಧ ಎಥಿಲೀನ್ ಗ್ಲೈಕಾಲ್ ಬೆರೆಸಿದರೆ ಕುದಿಬಿಂದು ಇನ್ನೂ ಹಲವು ಡಿಗ್ರಿ ಮೇಲೇರುತ್ತದೆ. ಜತೆಗೆ ತುಕ್ಕೂ ಹತ್ತದು.

ಈಗ ಯೋಚಿಸಿ. ವಿಷಲ್ಲಿಗೆ ಸಿದ್ಧವಾಗಿ ನಿಂತ ಕುಕ್ಕರಿನ ಮುಚ್ಚಳವನ್ನು ಯಾರಾದರೂ ಕಿತ್ತು ತೆಗೆಯುತ್ತಾರೆಯೇ? ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆಯುವುದೂ ಅಷ್ಟೇ ಅಪಾಯ. ಒತ್ತಡ ಇಳಿದ ಕ್ಷಣ, 100 ಡಿಗ್ರಿ ದಾಟಿದ ನೀರು ಒಮ್ಮೆಲೇ ಹಬೆಯಾಗಿ ಮುಖಕ್ಕೇ ಚಿಮ್ಮುತ್ತದೆ. ದಾರಿಯಲ್ಲಿ ಹಬೆ ಕಂಡರೆ ಕಾರನ್ನು ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಮಕ್ಕಳನ್ನು ಇಳಿಸಿ ದೂರ ನಿಲ್ಲಿಸಿ, ಪೂರ್ತಿ ತಣಿಯುವ ತನಕ ಕಾಯುವುದೊಂದೇ ಸರಿಯಾದ ಕೆಲಸ. 'ಇನ್ನೆರಡೇ ಕಿಲೊಮೀಟರು, ಊರು ಬಂದೇಬಿಡ್ತು' ಎಂಬ ಆತುರದಲ್ಲೇ ಅಲ್ಯುಮಿನಿಯಂ ಹೆಡ್ಡುಗಳು ಡೊಂಕಾಗುವುದು. ಕೆಂಪಗೆ ಕಾದ ಎಂಜಿನ್ನಿಗೆ ತಣ್ಣೀರು ಸುರಿದರೂ ಅದೇ ಗತಿ.

ರಬ್ಬರಿನ ಜಾತಕ

ಹೋಸ್ ಒಂದನ್ನು ಅಡ್ಡಡ್ಡ ಕತ್ತರಿಸಿದರೆ ಮೂರು ಪದರ ಕಾಣುತ್ತದೆ. ಒಳಗೊಂದು ರಬ್ಬರ್, ನಡುವೆ ನೂಲಿನ ಹೆಣಿಗೆ, ಹೊರಗೊಂದು ರಬ್ಬರ್. ಒತ್ತಡಕ್ಕೆ ಕೊಳವೆ ಬಲೂನಿನಂತೆ ಉಬ್ಬದಿರಲು ಆ ನೂಲಿನ ಹೆಣಿಗೆ ಕಾರಣ. ಗಿಡಕ್ಕೆ ನೀರು ಹಾಕುವ ಪ್ಲಾಸ್ಟಿಕ್ ಪೈಪನ್ನು ತುಂಡರಿಸಿ ಕಾರಿಗೆ ಸಿಕ್ಕಿಸುವ ಜಾಣರಿದ್ದಾರೆ. ಬಿಸಿಗೆ ಅದು ಮೆತ್ತಗಾಗಿ ಕ್ಲಿಪ್ಪಿನಿಂದ ಜಾರಿ ಹೋಗುವುದು ಖಂಡಿತ.

ಮರದ ಹಾಲಿನಿಂದ ಬಂದ ರಬ್ಬರು ಮೂಲದಲ್ಲಿ ಬೇಸಿಗೆಗೆ ಅಂಟು, ಚಳಿಗೆ ಪೆಡಸು. ಅದಕ್ಕೆ ಗಂಧಕ ಬೆರೆಸಿ ಕಾಯಿಸಿದರೆ ಗಟ್ಟಿಮುಟ್ಟಾಗುತ್ತದೆ ಎಂದು 1839ರಲ್ಲಿ ಕಂಡುಕೊಂಡವನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್. 1844ರಲ್ಲಿ ಅವನಿಗೆ ಪೇಟೆಂಟೂ ಸಿಕ್ಕಿತು. ನಮ್ಮ ರಾಜ್ಯದಲ್ಲೂ ರಬ್ಬರ್ ತೋಟಗಳಿಗೆ ಕೊರತೆಯಿಲ್ಲ. 1964ರ ಶಾಸ್ತ್ರಿ-ಸಿರಿಮಾವೊ ಒಪ್ಪಂದದ ಬಳಿಕ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳಿಗೆ ಸುಳ್ಯದ ಕಡೆ ಬದುಕು ಕೊಟ್ಟದ್ದು ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳೇ. ಆದರೆ ಕಾರಿನ ಕೂಲೆಂಟ್ ಹೋಸಿಗೆ ಈಗ ಬಳಸುವುದು ಮರದ ರಬ್ಬರನ್ನಲ್ಲ. 1960ರ ದಶಕದಲ್ಲಿ ಬಳಕೆಗೆ ಬಂದ ಇ.ಪಿ.ಡಿ.ಎಂ. ಎಂಬ ಕೃತಕ ರಬ್ಬರನ್ನು. ಬಿಸಿ ನೀರು, ಗ್ಲೈಕಾಲ್, ಬಿಸಿಲು, ಓಜೋನ್ ಎಲ್ಲವನ್ನೂ ಅದು ತಾಳಿಕೊಳ್ಳುತ್ತದೆ. ತಾಳದಿರುವುದು ಒಂದನ್ನೇ, ಪೆಟ್ರೋಲ್ ಜಾತಿಯ ಎಣ್ಣೆಯನ್ನು. ಎಂಜಿನ್ ಆಯಿಲ್, ಗ್ರೀಸ್ ತಾಗಿದರೆ ಅದು ಹೀರಿ ಉಬ್ಬಿ ಮೆತ್ತಗಾಗುತ್ತದೆ. ಪೆಟ್ರೋಲ್ ಮತ್ತು ಆಯಿಲ್ ಕೊಳವೆಗಳಿಗೆ ಬೇಕಾದ್ದು ನೈಟ್ರೈಲ್‌ನಂಥ ಬೇರೆ ರಬ್ಬರ್. ನೋಡಲು ಎಲ್ಲವೂ ಕಪ್ಪೇ. ಅಂಗಡಿಯಲ್ಲಿ 'ಒಂದಡಿ ಪೈಪು ಕೊಡಿ' ಎಂದು ಕೇಳಬಾರದು ಎನ್ನುವುದು ಇದಕ್ಕೇ. ಕಾರಿನ ಹೆಸರು, ವರ್ಷ, ಕೊಳವೆಯ ಕೆಲಸ ಮೂರನ್ನೂ ಹೇಳಬೇಕು.

ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಒಂದೇ ಅಳತೆಯ ಎರಡು ರಬ್ಬರ್ ಬ್ಯಾಂಡ್ ತೆಗೆದುಕೊಳ್ಳಿ. ಒಂದನ್ನು ನೀರಿನಲ್ಲೂ ಇನ್ನೊಂದನ್ನು ಡೀಸೆಲ್ ಅಥವಾ ಸೀಮೆಎಣ್ಣೆಯಲ್ಲೂ, ಒಲೆಯಿಂದ ದೂರವಿರುವ ಜಾಗದಲ್ಲಿ, ದೊಡ್ಡವರಿಗೆ ಹೇಳಿ, ಗಾಜಿನ ಬಾಟಲಿಯಲ್ಲಿ ಮುಚ್ಚಿಡಿ. ಒಂದು ದಿನದ ಬಳಿಕ ಎರಡನ್ನೂ ತೆಗೆದು ಅಳತೆಪಟ್ಟಿಯ ಮೇಲಿಡಿ. ಎಣ್ಣೆಯಲ್ಲಿದ್ದುದು ಉದ್ದಕ್ಕೂ ದಪ್ಪಕ್ಕೂ ಬೆಳೆದಿರುತ್ತದೆ. ಎಳೆದರೆ ಬೇಗ ಹರಿಯುತ್ತದೆ. ಹೋಸಿಗೆ ಗ್ರೀಸ್ ಸವರಬೇಡಿ ಎಂದು ಏಕೆ ಹೇಳುತ್ತಾರೆಂದು ಆಗ ಯಾರೂ ವಿವರಿಸಬೇಕಾಗಿಲ್ಲ.

ನಾಡಿ ಹಿಡಿದು ನೋಡಿ

ಕೊಳವೆಗೆ ವಯಸ್ಸಾಯಿತೆಂದು ತಿಳಿಯುವುದು ಹೇಗೆ? ಬೆಳಿಗ್ಗೆ, ಎಂಜಿನ್ ಚಾಲೂ ಮಾಡುವ ಮೊದಲು ಬಾನೆಟ್ ಎತ್ತಿ. ಕೊಳವೆಯನ್ನು ನಡುವೆ ಒಮ್ಮೆ, ಕ್ಲಿಪ್ಪಿನ ಹತ್ತಿರ ಒಮ್ಮೆ ಬೆರಳಲ್ಲಿ ಒತ್ತಿ ನೋಡಿ. ಒಳ್ಳೆಯ ಕೊಳವೆ ಎರಡೂ ಕಡೆ ಒಂದೇ ತೆರನಾಗಿ ಒತ್ತಿಕೊಂಡು ಮತ್ತೆ ಮೊದಲಿನಂತಾಗುತ್ತದೆ. ತುದಿಯಲ್ಲಿ ಮಾತ್ರ ಮೆತ್ತಗಿದ್ದರೆ ಒಳಗಿನ ಪದರ ಸೀಳಿದೆ ಎಂದು ಅರ್ಥ. ಎಂಜಿನ್ನಿನ ಲೋಹ, ರೇಡಿಯೇಟರಿನ ಲೋಹ ಮತ್ತು ನಡುವಿನ ಕೂಲೆಂಟ್ ಸೇರಿ ಒಂದು ಪುಟ್ಟ ಬ್ಯಾಟರಿಯಂತೆ ವರ್ತಿಸುವುದರಿಂದ ಕೊಳವೆಯ ತುದಿಯಲ್ಲಿ ಒಳಗಿನಿಂದಲೇ ಕೂದಲೆಳೆಯ ಸೀಳುಗಳು ಹುಟ್ಟುತ್ತವೆ. ಹೊರಮೈ ಹೊಳೆಯುತ್ತಿದೆ ಎಂದು ಮೋಸಹೋಗಬಾರದು. ಮರದಂತೆ ಗಟ್ಟಿಯಾಗಿದ್ದರೆ, ಒತ್ತಿದಾಗ ಚರಚರ ಎಂದರೆ, ಒಂದೆಡೆ ಉಬ್ಬಿದ್ದರೆ, ಕ್ಲಿಪ್ಪಿನ ಬುಡದಲ್ಲಿ ಬಿಳಿ ಅಥವಾ ಹಸಿರು ಕರೆ ಕಟ್ಟಿದ್ದರೆ ಬದಲಾಯಿಸುವ ಕಾಲ ಬಂತು. ಮಲೆನಾಡಿನವರು ಇನ್ನೊಂದನ್ನೂ ನೋಡಬೇಕು: ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಬಾನೆಟ್ ಒಳಗೆ ಸೇರುವ ಇಲಿಗಳ ಹಲ್ಲಿನ ಗುರುತು.

ಅಂಗಳದಲ್ಲಿ ಕೆಲಸ

ಈಗ ಕೆಲಸಕ್ಕೆ ಇಳಿಯೋಣ. ಹೈಸ್ಕೂಲು, ಕಾಲೇಜಿನ ಮಕ್ಕಳು ಇದನ್ನು ದೊಡ್ಡವರ ಜತೆಯಲ್ಲೇ ಮಾಡಬೇಕು, ಒಬ್ಬರೇ ಅಲ್ಲ. ಕಾರು ವಾರಂಟಿಯಲ್ಲಿದ್ದರೆ ಕಂಪನಿಯ ಸರ್ವಿಸಿಗೇ ಬಿಡಿ. ಬೇಕಾದ ಸಾಮಾನು: ಸ್ಕ್ರೂ ಡ್ರೈವರ್, ಕ್ಲಿಪ್ಪಿನ ಅಳತೆಯ ಸ್ಪ್ಯಾನರು, ಇಕ್ಕಳ, ಬ್ಲೇಡು, ಅಗಲವಾದ ಬೇಸಿನ್, ಹಳೇ ಬಟ್ಟೆ, ಹೊಸ ಕೊಳವೆ, ಹೊಸ ಕ್ಲಿಪ್ಪು, ಕಾರಿನ ಕೈಪಿಡಿಯಲ್ಲಿ ಹೇಳಿದ ಕೂಲೆಂಟ್. ಹಳೆಯ ಕ್ಲಿಪ್ಪನ್ನೇ ಮತ್ತೆ ಬಿಗಿಯುವ ಜಿಪುಣತನ ಬೇಡ.

ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ರಾತ್ರಿಯಿಡೀ ತಣಿಯಲು ಬಿಟ್ಟು ಬೆಳಿಗ್ಗೆ ಆರಂಭಿಸುವುದು ಎಲ್ಲಕ್ಕಿಂತ ಉತ್ತಮ. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿಡಿ. ಕೆಲವು ಕಾರುಗಳಲ್ಲಿ ಕೀಲಿ ತೆಗೆದಿದ್ದರೂ ರೇಡಿಯೇಟರಿನ ಫ್ಯಾನು ತಾನಾಗಿ ತಿರುಗೀತು. ಬಿಚ್ಚುವ ಮುನ್ನ ಕೊಳವೆ ಎಲ್ಲಿಂದ ಎಲ್ಲಿಗೆ, ಯಾವುದರ ಮೇಲೆ ಯಾವುದರ ಕೆಳಗೆ ಹಾದುಹೋಗಿದೆ ಎಂದು ಒಂದು ಚಿತ್ರ ಬರೆದುಕೊಳ್ಳಿ. ಫೋನಿನಲ್ಲಿ ಫೋಟೊ ತೆಗೆದರೂ ಆದೀತು. ಆದರೆ ಕೈಯಲ್ಲಿ ಬರೆದ ಚಿತ್ರ ತಲೆಯಲ್ಲಿ ಹೆಚ್ಚು ದಿನ ಉಳಿಯುತ್ತದೆ.

ಮುಚ್ಚಳ ತೆಗೆದು, ರೇಡಿಯೇಟರಿನ ತಳದ ತಿರುಪು ಸಡಿಲಿಸಿ ಕೂಲೆಂಟನ್ನು ಬೇಸಿನ್ನಿಗೆ ಇಳಿಸಿ. ತಿರುಪು ಇಲ್ಲದ ಕಾರಿನಲ್ಲಿ ಕೆಳಗಿನ ಕೊಳವೆಯ ತುದಿಯನ್ನೇ ಮೆಲ್ಲಗೆ ಸಡಿಲಿಸಬೇಕು. ಬಳಿಕ ಕ್ಲಿಪ್ಪು. ತಿರುಪಿನ ಕ್ಲಿಪ್ಪಾದರೆ ಸ್ಕ್ರೂ ಡ್ರೈವರಿನಿಂದಲೋ ಸ್ಪ್ಯಾನರಿನಿಂದಲೋ ಬಿಚ್ಚಿ; ಸ್ಪ್ರಿಂಗಿನ ಕ್ಲಿಪ್ಪಾದರೆ ಅದರ ಎರಡು ಕಿವಿಗಳನ್ನು ಇಕ್ಕಳದಿಂದ ಒತ್ತಿ ಹಿಡಿದು ಕೊಳವೆಯ ಮೇಲೆ ಹಿಂದಕ್ಕೆ ಸರಿಸಿ.

ಇಲ್ಲಿ ತಾಳ್ಮೆಯ ಪರೀಕ್ಷೆ. ವರ್ಷಗಟ್ಟಲೆ ಕೂತ ಕೊಳವೆ ಮೂತಿಗೆ ಅಂಟಿಕೊಂಡಿರುತ್ತದೆ. ಜಗ್ಗಿ ಎಳೆದರೆ ಕೊಳವೆ ಬರುವುದಿಲ್ಲ, ರೇಡಿಯೇಟರಿನ ಮೂತಿಯೇ ಬಂದೀತು. ಈಚಿನ ರೇಡಿಯೇಟರುಗಳ ಮೂತಿ ಪ್ಲಾಸ್ಟಿಕ್ಕಿನದು. ಹಳೆಯವುಗಳದ್ದು ಬೆಸುಗೆ ಹಾಕಿದ ಹಿತ್ತಾಳೆಯದು. ಎರಡೂ ನಾಜೂಕು. ಕೊಳವೆಯನ್ನು ಎಡಕ್ಕೆ ಬಲಕ್ಕೆ ತಿರುವಿ ಅಂಟು ಬಿಡಿಸಿ. ಆಗಲೂ ಬರದಿದ್ದರೆ ತುದಿಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಬಾಳೆಹಣ್ಣಿನ ಸಿಪ್ಪೆಯಂತೆ ಬಿಡಿಸಿ. ಬ್ಲೇಡು ಮೂತಿಗೆ ಗೀರು ಹಾಕದಿರಲಿ, ಕೈಗೂ ತಾಗದಿರಲಿ. ಹೇಗೂ ಎಸೆಯುವ ಕೊಳವೆ, ಮರುಕ ಬೇಕಿಲ್ಲ.

ಹಳೆಯದನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ಉದ್ದ, ಬಾಗು, ಒಳಗಿನ ವ್ಯಾಸ ಮೂರನ್ನೂ ಹೋಲಿಸಿ. ಈ ಕೊಳವೆಗಳು ಅಚ್ಚಿನಲ್ಲೇ ಬಾಗಿ ಹುಟ್ಟಿದವು. ನೇರ ಕೊಳವೆಯನ್ನು ಬಲವಂತವಾಗಿ ಬಾಗಿಸಿದರೆ ನಡುವೆ ಮಡಿಕೆ ಬಿದ್ದು ಹರಿವು ಕಟ್ಟುತ್ತದೆ. ಮೂತಿಯ ಮೇಲಿನ ಹಳೆಯ ರಬ್ಬರು, ತುಕ್ಕು ಎಲ್ಲ ತೆಗೆಯಿರಿ. ಲೋಹವಾದರೆ ನಯವಾದ ಎಮರಿ ಕಾಗದ, ಪ್ಲಾಸ್ಟಿಕ್ ಆದರೆ ಬಟ್ಟೆ ಸಾಕು.

ಇನ್ನು ಜೋಡಣೆ. ಮೊದಲು ಎರಡೂ ಕ್ಲಿಪ್ಪುಗಳನ್ನು ಕೊಳವೆಗೆ ತೊಡಿಸಿ. ಇದನ್ನು ಮರೆತು ಕೊಳವೆ ಕೂರಿಸಿಬಿಟ್ಟರೆ ಮತ್ತೆ ಬಿಚ್ಚಬೇಕು. ಕೊಳವೆಯ ಬಾಯಿಗೆ ಸ್ವಲ್ಪ ಕೂಲೆಂಟನ್ನೋ ಸೋಪಿನ ನೀರನ್ನೋ ಸವರಿ, ಮೂತಿಯ ಬುಡ ಮುಟ್ಟುವ ತನಕ ತಿರುವುತ್ತ ಒತ್ತಿ. ಮೂತಿಯ ತುದಿಯಲ್ಲಿ ಬಳೆಯಂಥ ಒಂದು ಉಬ್ಬು ಇರುತ್ತದೆ. ಕ್ಲಿಪ್ಪು ಕೂರಬೇಕಾದ್ದು ಆ ಉಬ್ಬಿನ ಮೇಲಲ್ಲ. ಉಬ್ಬು ದಾಟಿ, ಕೊಳವೆಯ ಅಂಚಿಗಿಂತ ನಾಲ್ಕೈದು ಮಿಲಿಮೀಟರ್ ಈಚೆ. ಬಿಂದಿಗೆಯ ಕಂಠಕ್ಕೆ ಹಗ್ಗ ಬಿಗಿಯುವ ಹಾಗೆ. ಉಬ್ಬಿನ ಹಿಂದೆ ಕೂತ ಕ್ಲಿಪ್ಪು ಒತ್ತಡ ಬಂದಾಗ ಜಾರಲಾರದು. ಕ್ಲಿಪ್ಪಿನ ಅಕ್ಕಪಕ್ಕ ರಬ್ಬರು ತುಸು ಉಬ್ಬುವಷ್ಟು ಬಿಗಿದರೆ ಸಾಕು. ಪಟ್ಟಿ ರಬ್ಬರಿನೊಳಗೆ ಹುದುಗಿ ಕೊಯ್ಯುವಷ್ಟು ಬಿಗಿದರೆ ಹೊಸ ಕೊಳವೆಗೂ ಅಲ್ಪಾಯುಷ್ಯ. ಕೊನೆಗೆ, ಕೊಳವೆ ಬೆಲ್ಟಿಗಾಗಲಿ ಫ್ಯಾನಿಗಾಗಲಿ ತಾಗುತ್ತಿಲ್ಲ ತಾನೆ ಎಂದು ನಿಮ್ಮ ಚಿತ್ರದೊಡನೆ ಹೋಲಿಸಿ ನೋಡಿ.

ಗಾಳಿಯನ್ನು ಹೊರಗೆ ಕಳಿಸಿ

ತಳದ ತಿರುಪು ಬಿಗಿದು ಕೂಲೆಂಟ್ ತುಂಬಿ. ಡಬ್ಬದ ಮೇಲೆ 'ಬಳಸಲು ಸಿದ್ಧ' ಎಂದಿದ್ದರೆ ನೀರು ಬೆರೆಸಬಾರದು. ಗಟ್ಟಿ ದ್ರಾವಣವಾದರೆ ಡಬ್ಬದಲ್ಲಿ ಹೇಳಿದ ಪ್ರಮಾಣದಲ್ಲಿ, ಸಾಮಾನ್ಯವಾಗಿ ಅರ್ಧಕ್ಕರ್ಧ, ಬ್ಯಾಟರಿಗೆ ಹಾಕುವ ಶುದ್ಧ ನೀರು ಬೆರೆಸಿ. ಬೋರ್‌ವೆಲ್ ನೀರಿನ ಸುಣ್ಣ ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಕರೆ ಕಟ್ಟುತ್ತದೆ. ಹಸಿರಿಗೆ ಹಸಿರು, ಕೆಂಪಿಗೆ ಕೆಂಪು ಎಂದು ಬಣ್ಣ ನೋಡಿ ಬೆರೆಸುವುದೂ ತಪ್ಪು. ಬಣ್ಣ ತಯಾರಕರ ಇಷ್ಟ, ಅದಕ್ಕೆ ಎಲ್ಲರೂ ಒಪ್ಪಿದ ನಿಯಮವಿಲ್ಲ.

ತುಂಬುವಾಗ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಗಾಳಿಗುಳ್ಳೆ ಇರುವಲ್ಲಿ ನೀರು ಮುಟ್ಟದು. ನೀರು ಮುಟ್ಟದಲ್ಲಿ ಲೋಹ ಕಾಯುತ್ತದೆ. ಗಾಳಿ ತೆಗೆಯುವ ಕ್ರಮ ಒಂದೊಂದು ಕಾರಿಗೆ ಒಂದೊಂದು, ಕೈಪಿಡಿ ನೋಡಲೇಬೇಕು. ರೇಡಿಯೇಟರಿಗೇ ಮುಚ್ಚಳವಿರುವ ಕಾರುಗಳಲ್ಲಿ ಸಾಮಾನ್ಯವಾಗಿ ಹೀಗೆ: ಬ್ಯಾಟರಿ ತಂತಿ ಜೋಡಿಸಿ, ಹೀಟರನ್ನು ಬಿಸಿಯ ತುದಿಗೆ ತಿರುಗಿಸಿ, ತಣ್ಣಗಿರುವಾಗಲೇ ಮುಚ್ಚಳ ತೆಗೆದಿಟ್ಟು ಎಂಜಿನ್ ಚಾಲೂ ಮಾಡಿ ಸುಮ್ಮನೆ ಬಿಡುವುದು. ಮುಖ ದೂರವಿರಲಿ. ಗುಳ್ಳೆಗಳು ಬರುತ್ತ ಮಟ್ಟ ಇಳಿಯುತ್ತದೆ, ತುಂಬುತ್ತ ಹೋಗಿ. ಕೊಂಚ ಹೊತ್ತಿಗೆ ಥರ್ಮೋಸ್ಟಾಟ್ ಬಾಗಿಲು ತೆರೆದು ಮೇಲಿನ ಕೊಳವೆ ಬಿಸಿಯಾಗುತ್ತದೆ. ಗುಳ್ಳೆ ನಿಂತ ಕೂಡಲೇ ಮುಚ್ಚಳ ಹಾಕಿ. ಮುಚ್ಚಳ ಒಮ್ಮೆ ಹಾಕಿದ ಮೇಲೆ ಪೂರ್ತಿ ತಣಿಯುವ ತನಕ ತೆಗೆಯುವಂತಿಲ್ಲ. ಈ ಕೆಲಸ ಬಯಲಿನಲ್ಲೇ ಆಗಬೇಕು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿದರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಪ್ರಾಣಕ್ಕೇ ಎರವಾಗುತ್ತದೆ. ದುಪಟ್ಟಾ, ಸೆರಗು, ಲುಂಗಿಯ ತುದಿ, ಬಿಚ್ಚಿದ ಜಡೆ, ಯಾವುದೂ ತಿರುಗುವ ಬೆಲ್ಟಿನ ಬಳಿ ಸುಳಿಯಬಾರದು.

ಒಂದು ಸುತ್ತು ಓಡಿಸಿ ಬಂದು, ಮತ್ತೆ ತಣಿದ ಮೇಲೆ ಮಟ್ಟವನ್ನೂ ಕ್ಲಿಪ್ಪುಗಳನ್ನೂ ಇನ್ನೊಮ್ಮೆ ನೋಡಿದರೆ ಕೆಲಸ ಮುಗಿಯಿತು. ಓಡುವಾಗ ಬಿಸಿಯ ಮುಳ್ಳು ಮೇಲೇರಿದರೆ ಅಲ್ಲೇ ನಿಲ್ಲಿಸಿ.

ಲಕ್ಷ್ಮಣರೇಖೆ

ರೇಡಿಯೇಟರಿನ ಕೊಳವೆ ಯಶಸ್ವಿಯಾಗಿ ಹಾಕಿದವರಿಗೆ ಸಹಜವಾಗಿ ಹುರುಪು ಬರುತ್ತದೆ. 'ಬ್ರೇಕಿನ ಹೋಸೂ ಹಳೆಯದಾಗಿದೆ, ಅದನ್ನೂ ನಾವೇ ಹಾಕೋಣ' ಎನ್ನಿಸುತ್ತದೆ. ಅಲ್ಲಿ ನಿಲ್ಲಬೇಕು.

ಕೂಲೆಂಟ್ ಕೊಳವೆಯಲ್ಲಿರುವುದು ಕುಕ್ಕರಿನ ಒತ್ತಡ. ಚದರ ಸೆಂಟಿಮೀಟರಿಗೆ ಒಂದು ಕಿಲೊದಷ್ಟು. ಜೋರಾಗಿ ಬ್ರೇಕ್ ತುಳಿದಾಗ ಬ್ರೇಕ್ ಹೋಸಿನೊಳಗೆ ಅದು 70ರಿಂದ 100 ಕಿಲೊದವರೆಗೂ ಏರಬಹುದು. ಕಾರಿನ ಟಯರಿನಲ್ಲಿರುವ ಗಾಳಿಯ ಒತ್ತಡಕ್ಕಿಂತ ಮೂವತ್ತು ಪಟ್ಟಿಗೂ ಹೆಚ್ಚು. ಅಲ್ಲಿ ಕ್ಲಿಪ್ಪಿನ ಆಟ ನಡೆಯದು. ಯಂತ್ರದಲ್ಲಿ ಒತ್ತಿ ಕೂರಿಸಿದ ಲೋಹದ ತುದಿಗಳು, ಒಮ್ಮೆ ಮಾತ್ರ ಬಳಸುವ ತಾಮ್ರದ ವಾಷರುಗಳು, ಲೆಕ್ಕ ಹಾಕಿ ಬಿಗಿಯಬೇಕಾದ ಬೋಲ್ಟುಗಳು ಬೇಕು. ಹೋಸು ತಿರುಚಿಕೊಂಡು ಕೂತರೂ ಕೆಲವು ತಿಂಗಳಲ್ಲಿ ಸೀಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಒಳಗೆ ಹೊಕ್ಕ ಗಾಳಿಯನ್ನು ಪೂರ್ತಿ ಹೊರತೆಗೆಯಬೇಕು. ಎ.ಬಿ.ಎಸ್. ಇರುವ ಕೆಲವು ಕಾರುಗಳಲ್ಲಿ ಇದಕ್ಕೆ ವಿಶೇಷ ಉಪಕರಣವೇ ಬೇಕು.

ಗಾಳಿ ಏಕೆ ಅಷ್ಟೊಂದು ಅಪಾಯ? ಸೂಜಿಯಿಲ್ಲದ ಹೊಸ ಸಿರಿಂಜು ಎರಡನ್ನು, ಒಂದು 5 ಮಿಲಿಲೀಟರ್, ಇನ್ನೊಂದು 20 ಮಿಲಿಲೀಟರ್, ತೆಳು ಪ್ಲಾಸ್ಟಿಕ್ ನಳಿಕೆಯಿಂದ ಜೋಡಿಸಿ, ನೀರು ತುಂಬಿ. ಚಿಕ್ಕದನ್ನು ಒತ್ತಿದರೆ ದೊಡ್ಡದು ತಕ್ಷಣ ಎದ್ದುಬರುತ್ತದೆ. ಬೆರಳಿಟ್ಟು ತಡೆದರೆ ಚಿಕ್ಕದರ ಸಣ್ಣ ಬಲ ದೊಡ್ಡದರಲ್ಲಿ ಹಿಗ್ಗಿದ್ದು ಗೊತ್ತಾಗುತ್ತದೆ. ಹದಿನೇಳನೇ ಶತಮಾನದಲ್ಲಿ ಪಾಸ್ಕಲ್ ಹೇಳಿದ ನಿಯಮ ಇದೇ. ಈಗ ನೀರಿನ ನಡುವೆ ಒಂದು ದೊಡ್ಡ ಗಾಳಿಗುಳ್ಳೆ ಬಿಟ್ಟು ಮತ್ತೆ ಒತ್ತಿ. ಗುಳ್ಳೆ ಕುಗ್ಗುತ್ತದೆ, ದೊಡ್ಡ ಸಿರಿಂಜು ಕೂತಲ್ಲೇ ಕೂತಿರುತ್ತದೆ. ಅದನ್ನು ಬ್ರೇಕ್ ಪೆಡಲ್ ಎಂದು ಭಾವಿಸಿಕೊಳ್ಳಿ: ಕಾಲು ನೆಲ ಮುಟ್ಟಿದೆ, ಕಾರು ನಿಂತಿಲ್ಲ, ಎದುರಿಗೆ ಶಾಲೆ ಬಿಟ್ಟ ಮಕ್ಕಳಿದ್ದಾರೆ.

ಹಾಗೆಂದು ಬ್ರೇಕ್ ಹೋಸಿನ ಕಡೆ ನೋಡಲೇಬಾರದೆಂದಲ್ಲ. ಸ್ಟಿಯರಿಂಗನ್ನು ಒಂದು ಬದಿಗೆ ಪೂರ್ತಿ ತಿರುಗಿಸಿ ನಿಲ್ಲಿಸಿ, ಎಂಜಿನ್ ಆರಿಸಿ, ಮುಂದಿನ ಚಕ್ರದ ಹಿಂದೆ ಟಾರ್ಚ್ ಬಿಟ್ಟು ನೋಡಿ. ಸೀಳು, ಉಬ್ಬು, ಒದ್ದೆ, ಯಾವುದಾದರೂ ಕಂಡರೆ ಕಾರನ್ನು ಓಡಿಸದೆ ಮೆಕ್ಯಾನಿಕ್ಕಿಗೆ ಹೇಳಿಕಳಿಸಿ. ಬ್ರೇಕ್ ತುಳಿದು ಬಿಟ್ಟ ಮೇಲೂ ಚಕ್ರ ಹಿಡಿದುಕೊಂಡೇ ಇದ್ದರೆ ಹೋಸಿನ ಒಳಪದರ ಊದಿ ದಾರಿ ಕಟ್ಟಿರಲೂಬಹುದು. ನಾವು 'ಬ್ರೇಕ್ ಆಯಿಲ್' ಎನ್ನುವ ದ್ರವ ವಾಸ್ತವದಲ್ಲಿ ಎಣ್ಣೆಯೇ ಅಲ್ಲ. ಬಹುಪಾಲು ಕಾರುಗಳಲ್ಲಿ ಅದು ಗ್ಲೈಕಾಲ್ ಜಾತಿಯದು. ಹೆಸರು ನಂಬಿ ಅದರ ಜಾಗಕ್ಕೆ ಎಂಜಿನ್ ಆಯಿಲ್ ಸುರಿದರೆ ಬ್ರೇಕಿನ ರಬ್ಬರುಗಳೆಲ್ಲ ನಿಮ್ಮ ರಬ್ಬರ್ ಬ್ಯಾಂಡಿನಂತೆ ಊದುತ್ತವೆ. ಅದು ಗಾಳಿಯ ತೇವವನ್ನೂ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿಯ ತನಕ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿ ಇಳಿಯುವಾಗ ದ್ರವ ಕುದಿದರೆ ಅದರ ಹಬೆಯೂ ಸಿರಿಂಜಿನ ಗಾಳಿಗುಳ್ಳೆಯಂತೆಯೇ. ಆದ್ದರಿಂದ ಕೈಪಿಡಿ ಹೇಳಿದ ಅವಧಿಗೆ ಅದನ್ನು ಬದಲಾಯಿಸಬೇಕು.

ಪೆಟ್ರೋಲ್ ಕೊಳವೆಯೂ ರೇಖೆಯ ಆಚೆಗೇ ಸೇರಿದ್ದು. ಈಗಿನ ಎಂಜಿನ್ನುಗಳಲ್ಲಿ ಪೆಟ್ರೋಲು ಒತ್ತಡದಲ್ಲಿ ಹರಿಯುತ್ತದೆ. ಬಿಸಿ ಎಂಜಿನ್ನಿನ ಮೇಲೆ ಒಂದು ಸಣ್ಣ ಸಿಂಪಡಿಕೆ ಬೆಂಕಿಗೆ ಸಾಕು. 2023ರ ಫೆಬ್ರುವರಿಯಲ್ಲಿ ಶೇಕಡ 20 ಎಥನಾಲ್ ಬೆರೆತ ಪೆಟ್ರೋಲಿಗೆ ಬೆಂಗಳೂರಿನಲ್ಲಿ ಚಾಲನೆ ದೊರೆತು, 2025ರ ಹೊತ್ತಿಗೆ ಅದು ದೇಶದ ಬಂಕುಗಳಿಗೆಲ್ಲ ಹರಡಿತು. ಹಳೆಯ ಕಾರುಗಳ ರಬ್ಬರ್ ಕೊಳವೆಗಳನ್ನು ಎಥನಾಲ್ ಗಮನದಲ್ಲಿಟ್ಟು ಮಾಡಿದ್ದಲ್ಲ. ಹಳೆಯ ಕಾರು ಇರುವವರು ಪೆಟ್ರೋಲಿನ ವಾಸನೆ ಬಂದರೆ ಅಸಡ್ಡೆ ಮಾಡದೆ ತೋರಿಸಬೇಕು. ಶಿವಮೊಗ್ಗದವರಿಗೆ ದೂರವೇನೂ ಇಲ್ಲ. ತ್ಯಾವರೆಕೊಪ್ಪದ ದಾರಿಯಲ್ಲೇ, ಸಾಗರ ರಸ್ತೆಯ ಆಟೊ ಕಾಂಪ್ಲೆಕ್ಸಿನಲ್ಲಿ ಕೈಪಳಗಿದ ಕೆಲಸಗಾರರಿದ್ದಾರೆ.

ಬೇಸಿನ್ನಿನಲ್ಲಿ ಉಳಿದದ್ದು

ಕೆಲಸ ಮುಗಿದ ಸಂತೋಷದಲ್ಲಿ ಬೇಸಿನ್ನಿನ ಹಳೆಯ ಕೂಲೆಂಟನ್ನು ಮರೆಯಬೇಡಿ. ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ. ಒಳಗೆ ಹೋದರೆ ಮೂತ್ರಪಿಂಡಕ್ಕೆ ಘೋರ ವಿಷ. ಬಣ್ಣ ಕಂಡು ಶರಬತ್ತೆಂದು ಮಗು ಕುಡಿದೀತು. ಬೀದಿನಾಯಿ, ಬೆಕ್ಕು, ಮನೆಯ ಕರು ನೆಕ್ಕೀತು. ಯಾರಾದರೂ ಕುಡಿದರೆಂದು ಅನುಮಾನ ಬಂದರೂ ಸಾಕು, ಲಕ್ಷಣಕ್ಕಾಗಿ ಕಾಯದೆ ಡಬ್ಬವನ್ನೂ ಹಿಡಿದು ಆಸ್ಪತ್ರೆಗೆ ಓಡಬೇಕು. ಚೆಲ್ಲಿದ್ದನ್ನು ಬಟ್ಟೆಯಿಂದ ಒರೆಸಿ, ಧಾರಾಳ ನೀರು ಹಾಕಿ ತೊಳೆಯಿರಿ. ಉಳಿದದ್ದನ್ನು ಕ್ಯಾನಿಗೆ ತುಂಬಿ, 'ವಿಷ' ಎಂದು ದಪ್ಪಕ್ಷರದಲ್ಲಿ ಬರೆದು, ಹಳೆಯ ದ್ರವಗಳನ್ನು ಸಂಗ್ರಹಿಸುವ ಸರ್ವಿಸ್ ಕೇಂದ್ರಕ್ಕೆ ಕೊಡಿ. ಕುಡಿಯುವ ನೀರಿನ ಬಾಟಲಿಗಂತೂ ತುಂಬಲೇಬೇಡಿ. ಚರಂಡಿಗೆ ಸುರಿದದ್ದು ಶಿವಮೊಗ್ಗದಲ್ಲಿ ತುಂಗೆಗೆ, ಭದ್ರಾವತಿಯಲ್ಲಿ ಭದ್ರೆಗೆ ಸೇರೀತು. ಕೂಡ್ಲಿಯಲ್ಲಿ ಎರಡೂ ಒಂದಾಗಿ ಮುಂದೆ ಎಷ್ಟೋ ಊರುಗಳ ನಲ್ಲಿಗಳನ್ನು ತಲುಪುತ್ತವೆ.

ತಂದೆತಾಯಿಯರಿಗೆ ಒಂದು ಮಾತು. 'ಓದೋ ಮಕ್ಕಳು ಕೈ ಮಸಿ ಮಾಡ್ಕೋಬಾರದು' ಎಂದು ಸ್ಪ್ಯಾನರು ಕಸಿದುಕೊಳ್ಳುವವರು ನಮ್ಮಲ್ಲಿ ಬಹಳ. ಒಂದು ಭಾನುವಾರದ ಈ ಕೆಲಸದಲ್ಲಿ ಕುದಿಬಿಂದು, ಪಾಸ್ಕಲನ ನಿಯಮ, ರಬ್ಬರಿನ ರಸಾಯನ, ವಿದ್ಯುದ್ರಸಾಯನ, ಮೂತ್ರಪಿಂಡದ ಪಾಠ ಎಲ್ಲವೂ ಬಂದುಹೋದವಲ್ಲ? ಪರೀಕ್ಷೆಗೆ ಉರುಹೊಡೆದದ್ದು ಪರೀಕ್ಷೆಯ ಮರುದಿನ ಮರೆತೀತು. ಕೈಯಲ್ಲಿ ಮಾಡಿದ್ದು ಮರೆಯದು. ಮಗನಿಗೆ ಮಾತ್ರವಲ್ಲ, ಮಗಳಿಗೂ ಸ್ಪ್ಯಾನರು ಕೊಡಿ. ದಾರಿಯಲ್ಲಿ ಕೆಟ್ಟು ನಿಲ್ಲುವ ಕಾರು ಒಳಗೆ ಕೂತವರು ಯಾರೆಂದು ಕೇಳುವುದಿಲ್ಲ. ಜತೆಗೆ ಇನ್ನೊಂದು ಪಾಠವೂ ಸಿಗುತ್ತದೆ: ಇದು ನನ್ನಿಂದ ಆಗುತ್ತದೆ, ಇದನ್ನು ಬಲ್ಲವರಿಗೆ ಬಿಡಬೇಕು ಎಂದು ಬೇರ್ಪಡಿಸಿ ನೋಡುವ ವಿವೇಕ. ಅದಕ್ಕೆ ಪಠ್ಯಪುಸ್ತಕವಿಲ್ಲ.

ಬರುವ ಭಾನುವಾರ ಬೆಳಿಗ್ಗೆ, ಕಾರು ತಣ್ಣಗಿರುವಾಗ, ಮಕ್ಕಳನ್ನು ಕರೆದು ಬಾನೆಟ್ ಎತ್ತಿ. ಮೇಲಿನ ಕೊಳವೆ, ಕೆಳಗಿನ ಕೊಳವೆ, ನಾಲ್ಕು ಕ್ಲಿಪ್ಪು, ಕೂಲೆಂಟಿನ ಮಟ್ಟ. ಐದು ನಿಮಿಷದ ಕೆಲಸ. ಮೊದಲು ಅಷ್ಟು ಮಾಡಿ.